‘ನಿಮ್ಮ ಖಾತೆಗೆ ಹೊಸ ಲಾಗಿನ್’ ಅಂತ ಸಂದೇಶ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯವರು, ಅಕ್ಕಪಕ್ಕದವರು, ಊರಿನಿಂದ ಫೋನ್ ಮಾಡುವ ನೆಂಟರು ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಜೀಮೇಲ್, ವಾಟ್ಸ್‌ಆ್ಯಪ್, ಬ್ಯಾಂಕ್, ಆಧಾರ್ ಎಲ್ಲವೂ ಬೆರೆತಿವೆ, ಏಕೆಂದರೆ ಈಗ ಇವೆಲ್ಲ ಒಂದೇ ಫೋನಿನಲ್ಲಿ ಇವೆ. ಆತುರದಲ್ಲಿದ್ದರೆ ಮೊದಲ ಉತ್ತರ ಓದಿ. ಹಣ ಹೋಗಿದ್ದರೆ ಏನನ್ನೂ ಓದುತ್ತಾ ಕೂರಬೇಡಿ, ಈಗಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ರಾತ್ರಿ ಹನ್ನೊಂದಕ್ಕೆ ‘ಹೊಸ ಸಾಧನದಿಂದ ಲಾಗಿನ್ ಆಗಿದೆ’ ಅಂತ ಮೇಲ್ ಬಂತು. ಮೊದಲು ಏನು ಮಾಡಲಿ?

ಆ ಮೇಲ್ ಮುಚ್ಚಿ. ಅದರಲ್ಲಿರುವ ಬಟನ್ ಒತ್ತಬೇಡಿ, ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ನೀವು ದಿನಾ ಹೋಗುವ ದಾರಿಯಲ್ಲೇ ಖಾತೆಯೊಳಗೆ ಹೋಗಿ ನೋಡಿ.

ಜೀಮೇಲ್ ಆದರೆ ಆ್ಯಪ್ ತೆರೆದು ಮೇಲಿರುವ ನಿಮ್ಮ ಫೋಟೋ ಒತ್ತಿ. ಗೂಗಲ್ ಅಕೌಂಟ್‌ಗೆ ಹೋಗಿ, ಅಲ್ಲಿ ಸೆಕ್ಯೂರಿಟಿ ವಿಭಾಗ ತೆರೆಯಿರಿ. ಇತ್ತೀಚೆಗೆ ಏನೇನು ಆಯಿತು, ಯಾವ ಯಾವ ಫೋನು, ಕಂಪ್ಯೂಟರ್ ನಿಮ್ಮ ಖಾತೆಯಲ್ಲಿವೆ ಅನ್ನುವುದು ಅಲ್ಲೇ ಕಾಣುತ್ತದೆ. ಮೇಲ್‌ನಲ್ಲಿ ಹೇಳಿದ ಲಾಗಿನ್ ಅಲ್ಲಿಯೂ ಇದ್ದರೆ ಸಂದೇಶ ನಿಜ. ಅಲ್ಲಿ ಏನೂ ಇಲ್ಲದಿದ್ದರೆ ಮೇಲ್ ನಕಲಿ ಇರುವ ಸಾಧ್ಯತೆಯೇ ಜಾಸ್ತಿ. ಬ್ಯಾಂಕ್ ಆದರೆ ಬ್ಯಾಂಕಿನ ಆ್ಯಪ್ ತೆರೆಯಿರಿ, ಅಥವಾ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ಫೋನ್ ಮಾಡಿ.

ಇದಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಮೋಸಗಾರರಿಗೆ ಬೇಕಿರುವುದು ನೀವು ಆ ಎರಡು ನಿಮಿಷ ತೆಗೆದುಕೊಳ್ಳದೇ ಇರುವುದು.

ಕಳಿಸಿದವರ ವಿಳಾಸ ನೋಡಿದರೆ ಅಸಲಿಯೋ ನಕಲಿಯೋ ಗೊತ್ತಾಗುವುದಿಲ್ಲವಾ?

ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. ಅಕ್ಷರ ಅದಲುಬದಲಾದ ವಿಳಾಸ ಕಂಡರೆ ಅದು ನಕಲಿಯೇ. ಆದರೆ ವಿಳಾಸ ಸರಿಯಿದೆ ಅಂದ ಮಾತ್ರಕ್ಕೆ ಅಸಲಿ ಅಂತ ನಂಬಬೇಡಿ. 2025ರ ಏಪ್ರಿಲ್‌ನಲ್ಲಿ ಗೂಗಲ್‌ನ ವಿಳಾಸದಿಂದಲೇ ಬಂದಂತೆ ಕಾಣುವ ಮೋಸದ ಮೇಲ್ ಒಂದು ಸುದ್ದಿಯಾಯಿತು. ಗೂಗಲ್ ಕಳಿಸಿದ್ದ ಒಂದು ನಿಜವಾದ ಮೇಲನ್ನೇ ಮೋಸಗಾರರು ಬೇರೆಯವರಿಗೆ ಮತ್ತೆ ರವಾನಿಸಿದ್ದರು. ಅದರ ಡಿಜಿಟಲ್ ಸಹಿ ಸರಿಯಾಗಿತ್ತು, ಜೀಮೇಲ್ ಯಾವ ಎಚ್ಚರಿಕೆಯನ್ನೂ ತೋರಿಸಲಿಲ್ಲ. ಒಳಗಿನ ಲಿಂಕ್ ಮಾತ್ರ ಯಾರು ಬೇಕಾದರೂ ಪುಟ ಮಾಡಬಹುದಾದ ‘ಗೂಗಲ್ ಸೈಟ್ಸ್’ಗೆ ಹೋಗುತ್ತಿತ್ತು. ಇಂಥದ್ದನ್ನು ಕಣ್ಣಿನಲ್ಲಿ ಗುರುತಿಸುವುದು ಕಷ್ಟ. ಅದಕ್ಕೇ ನಾನು ಗುರುತಿಸುವ ಗುಟ್ಟುಗಳನ್ನು ಜಾಸ್ತಿ ಹೇಳಿಕೊಡುವುದಿಲ್ಲ. ಸಂದೇಶ ಅಸಲಿಯಾಗಿರಲಿ ನಕಲಿಯಾಗಿರಲಿ, ನಿಮ್ಮ ದಾರಿಯಲ್ಲಿ ನೀವು ಹೋಗಿ ನೋಡಿದರೆ ಎರಡರಲ್ಲೂ ತೊಂದರೆ ಇಲ್ಲ.

ಎಸ್‌ಎಂಎಸ್‌ಗೆ ಒಂದು ಗುರುತು ಇದೆ, ತಿಳಿದಿರಲಿ. ಕಂಪನಿಗಳ ಸಂದೇಶದಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಒಂದು ಅಕ್ಷರ ಬರುತ್ತದೆ: ಜಾಹೀರಾತಿಗೆ ‘ಪಿ’, ಸೇವೆಗೆ ‘ಎಸ್’, ವಹಿವಾಟಿಗೆ ‘ಟಿ’, ಸರ್ಕಾರಕ್ಕೆ ‘ಜಿ’. ‘ನಿಮ್ಮ ಖಾತೆ ಬಂದ್ ಆಗಿದೆ’ ಅನ್ನುವ ಸಂದೇಶ ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಬಂದರೆ ನೇರವಾಗಿ ಅಳಿಸಿಬಿಡಿ. ಬ್ಯಾಂಕಿನ ವೆಬ್ ವಿಳಾಸಕ್ಕೂ ಈಗ ಗುರುತಿದೆ. ರಿಸರ್ವ್ ಬ್ಯಾಂಕ್ ಹೇಳಿದಂತೆ ನಮ್ಮ ದೇಶದ ಬ್ಯಾಂಕುಗಳು ‘ಡಾಟ್ ಬ್ಯಾಂಕ್ ಡಾಟ್ ಇನ್’ ಅಂತ ಮುಗಿಯುವ ವಿಳಾಸಕ್ಕೆ ಬರಬೇಕು. ಅದಕ್ಕೆ ಕೊಟ್ಟ ಗಡುವು 2025ರ ಅಕ್ಟೋಬರ್ 31.

ನಾನಿರುವುದು ಸಾಗರದಲ್ಲಿ. ಸಂದೇಶದಲ್ಲಿ ಚೆನ್ನೈ ಅಂತ ಇದೆ. ಹ್ಯಾಕ್ ಆಗಿದೆಯಾ?

ಊರಿನ ಹೆಸರು ಒಂದನ್ನೇ ನೋಡಿ ಗಾಬರಿಯಾಗಬೇಡಿ. ಆ ಊರನ್ನು ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕಕ್ಕೆ ಸಿಗುವ ನಂಬರಿನಿಂದ, ಅಂದಾಜು ಮಾಡುತ್ತಾರೆ. ಮೊಬೈಲ್ ಇಂಟರ್ನೆಟ್ ನಿಮ್ಮೂರಿನ ಟವರಿನಿಂದ ಹೊರಟು ಕಂಪನಿಯ ದೊಡ್ಡ ಕೇಂದ್ರದ ಮೂಲಕ ಹೊರಗೆ ಹೋಗುತ್ತದೆ. ಆ ಕೇಂದ್ರ ಬೆಂಗಳೂರಿನಲ್ಲಿರಬಹುದು, ಚೆನ್ನೈಯಲ್ಲಿರಬಹುದು, ಮುಂಬೈಯಲ್ಲೂ ಇರಬಹುದು. ಸಂದೇಶದಲ್ಲಿ ಕಾಣುವುದು ಆ ಊರು. ಇಂಟರ್ನೆಟ್ಟನ್ನು ಬೇರೆ ಜಾಗದ ಮೂಲಕ ಸುತ್ತಿಸುವ ವಿಪಿಎನ್ ಹಾಕಿದ್ದರೆ ಬೇರೆ ದೇಶವೇ ಕಾಣಬಹುದು.

ಊರಿಗಿಂತ ಮೊದಲು ಸಮಯ ನೋಡಿ, ಸಾಧನ ನೋಡಿ. ಸಂಜೆ ಆರೂ ಹತ್ತಕ್ಕೆ ನೀವೇ ಹೊಸ ಫೋನಿನಲ್ಲಿ ಲಾಗಿನ್ ಆಗಿದ್ದರೆ, ಸಂದೇಶದಲ್ಲೂ ಆರೂ ಹತ್ತು ಮತ್ತು ಅದೇ ಫೋನಿನ ಹೆಸರು ಇದ್ದರೆ, ಅದು ನೀವೇ. ನೀವು ಮಲಗಿದ್ದ ಹೊತ್ತು, ಮನೆಯಲ್ಲಿ ಯಾರ ಹತ್ತಿರವೂ ಇಲ್ಲದ ವಿಂಡೋಸ್ ಕಂಪ್ಯೂಟರ್ ಅಂತ ಇದ್ದರೆ ಊರು ಶಿವಮೊಗ್ಗ ಅಂತ ತೋರಿಸಿದರೂ ಬಿಡಬೇಡಿ. ಮಕ್ಕಳು ಟಿವಿಯಲ್ಲಿ ಯೂಟ್ಯೂಬಿಗೆ ನಿಮ್ಮ ಖಾತೆ ಹಾಕಿದ್ದಾರಾ ಅಂತ ಮಾತ್ರ ಒಮ್ಮೆ ಕೇಳಿಬಿಡಿ.

ನಾನೇನೂ ಮಾಡದೆ ಒಟಿಪಿ ಬರುತ್ತಿದೆ. ಯಾಕೆ?

ಯಾರೋ ನಿಮ್ಮ ನಂಬರನ್ನು ಎಲ್ಲೋ ಹಾಕಿದ್ದಾರೆ. ಒಂದೇ ಒಂದು ಬಂದರೆ ಕೈತಪ್ಪಿ ಹಾಕಿರಬಹುದು, ಬಿಟ್ಟುಬಿಡಿ. ಒಟಿಪಿ ಬಂದದ್ದರಿಂದಲೇ ಯಾರೂ ಒಳಗೆ ಬಂದ ಹಾಗಾಗುವುದಿಲ್ಲ. ಬಾಗಿಲು ತಟ್ಟಿದ್ದಾರೆ, ಅಷ್ಟೇ. ಆದರೆ ಕೆಲವು ಕಡೆ ಪಾಸ್‌ವರ್ಡ್ ಸರಿ ಹಾಕಿದ ಮೇಲೇ ಒಟಿಪಿ ಹೋಗುತ್ತದೆ. ಅಂಥ ಕಡೆಯಿಂದ ಬಂದರೆ ನಿಮ್ಮ ಪಾಸ್‌ವರ್ಡ್ ಅವರ ಕೈಯಲ್ಲಿದೆ ಅಂತ ಅರ್ಥ. ಆ ದಿನವೇ ಬದಲಿಸಿ.

ಸಂದೇಶ ಬಂದ ಐದೇ ನಿಮಿಷಕ್ಕೆ ‘ಸೆಕ್ಯೂರಿಟಿ ವಿಭಾಗ’ದಿಂದ ಫೋನ್ ಬಂತು. ಅವರಿಗೆ ಸಂದೇಶದ ವಿಷಯ ಗೊತ್ತಿತ್ತು.

ನನ್ನನ್ನು ಅತಿ ಹೆಚ್ಚು ಹೆದರಿಸುವ ಮೋಸ ಇದೇ. ನಮ್ಮ ಸೋದರತ್ತೆಗೆ ಹೀಗೇ ಆಯಿತು. ಮೊದಲು ನಿಜವಾದ ಒಟಿಪಿ ಬಂತು, ನಿಜವಾದ ಎಚ್ಚರಿಕೆಯೂ ಬಂತು. ಆಮೇಲೆ ಕನ್ನಡದಲ್ಲೇ, ತುಂಬಾ ಮರ್ಯಾದೆಯಿಂದ ಮಾತಾಡುವ ಒಬ್ಬರ ಫೋನು: ‘ಅಮ್ಮಾ, ನಿಮ್ಮ ಖಾತೆಗೆ ಯಾರೋ ನುಗ್ಗುತ್ತಿದ್ದಾರೆ, ಈಗ ನಿಮಗೊಂದು ಮೆಸೇಜ್ ಬಂತಲ್ವಾ? ನಾವು ತಡೆಯುತ್ತೇವೆ, ಆ ನಂಬರ್ ಹೇಳಿ.’ ಅತ್ತೆ ಹೇಳಿಯೇಬಿಡುತ್ತಿದ್ದರು. ಅಷ್ಟರಲ್ಲಿ ಅಡುಗೆಮನೆಯಿಂದ ಮಗಳು ಬಂದು ಫೋನ್ ಕಿತ್ತುಕೊಂಡಳು.

ಆ ಎಚ್ಚರಿಕೆ ಬರುವ ಹಾಗೆ ಮಾಡಿದ್ದೇ ಆ ಮನುಷ್ಯ. ಲಾಗಿನ್ ಪುಟದಲ್ಲಿ ಅವರ ನಂಬರ್ ಹಾಕಿದ, ಒಟಿಪಿ ಹೊರಟಿತು, ತಕ್ಷಣ ಫೋನ್ ಮಾಡಿದ. ಸಂದೇಶ ಅಸಲಿ, ಫೋನ್ ಮಾತ್ರ ನಕಲಿ. ಹಾಗಾಗಿ ‘ಮೆಸೇಜ್ ನಿಜವಾದದ್ದೇ ಅಲ್ವಾ’ ಅಂತ ಫೋನ್ ಮಾಡಿದವರನ್ನು ನಂಬಬೇಡಿ. ಒಟಿಪಿ ಕೇಳಿದ ಕ್ಷಣಕ್ಕೆ ಫೋನ್ ಇಟ್ಟುಬಿಡಿ. ಅನುಮಾನವಿದ್ದರೆ ನೀವೇ ಬ್ಯಾಂಕಿಗೆ ಫೋನ್ ಮಾಡಿ. ‘ಲೈನ್ ಕಟ್ ಮಾಡಬೇಡಿ’ ಅಂತ ಒತ್ತಾಯ ಮಾಡುವವರು ಬ್ಯಾಂಕಿನವರಲ್ಲ.

‘ಲಾಗಿನ್ ಆಗುತ್ತಿರುವುದು ನೀವೇನಾ?’ ಅಂತ ಫೋನಿನಲ್ಲಿ ಹತ್ತು ಸಲ ಬಂತು. ಬೇಸರವಾಗಿ ‘ಹೌದು’ ಒತ್ತಿಬಿಡಲಾ?

ಒತ್ತಬೇಡಿ. ನಿಮ್ಮನ್ನು ಬೇಸರಪಡಿಸುವುದೇ ಅವರ ಉಪಾಯ. 2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಯೊಳಗೆ ಒಬ್ಬ ನುಗ್ಗಿದ್ದು ಹೀಗೇ. ಅಲ್ಲಿ ಕೆಲಸ ಮಾಡುವ ಒಬ್ಬರಿಗೆ ಮತ್ತೆ ಮತ್ತೆ ಈ ಪ್ರಶ್ನೆ ಬರುವಂತೆ ಮಾಡಿದ. ಕೊನೆಗೆ ಅವರು ಒಪ್ಪಿಗೆ ಕೊಟ್ಟುಬಿಟ್ಟರು. ‘ಅಲ್ಲ’ ಒತ್ತಿ, ಕೂಡಲೇ ಪಾಸ್‌ವರ್ಡ್ ಬದಲಿಸಿ.

ನೋಡಿದೆ. ನಿಜವಾಗಿಯೂ ಯಾರೋ ಒಳಗೆ ಬಂದಿದ್ದಾರೆ. ಯಾವುದು ಮೊದಲು, ಯಾವುದು ಆಮೇಲೆ?

ಮೊದಲು ಇಮೇಲ್. ಫೇಸ್‌ಬುಕ್ ಹೋಗಿದ್ದರೂ, ಅಂಗಡಿಯ ಆ್ಯಪ್ ಹೋಗಿದ್ದರೂ, ಇಮೇಲ್ ಭದ್ರವಾಗಿದೆಯಾ ಅಂತ ಮೊದಲು ನೋಡಿ. ‘ಪಾಸ್‌ವರ್ಡ್ ಮರೆತಿದ್ದೇನೆ’ ಅಂತ ಒತ್ತಿದರೆ ಬಹಳಷ್ಟು ಖಾತೆಗಳ ಹೊಸ ಕೀಲಿ ಬರುವುದು ಇಮೇಲಿಗೆ. ಅದು ಇಡೀ ಮನೆಯ ಕೀಲಿಗೊಂಚಲು.

ನಿಮ್ಮದಲ್ಲದ ಸಾಧನದ ಲಾಗಿನ್, ಸಮಯ ಕಾಣುವ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ದೂರು ಕೊಡುವಾಗ ಬೇಕಾಗುತ್ತದೆ. ಆಮೇಲೆ ಆ ಸಾಧನವನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಬೇರೆಲ್ಲೂ ಬಳಸದ, ಉದ್ದನೆಯ ಪಾಸ್‌ವರ್ಡ್ ಇರಲಿ. ನಾಲ್ಕೈದು ಸಂಬಂಧವಿಲ್ಲದ ಪದ ಜೋಡಿಸಿದರೂ ಸಾಕು. ಊರಿನ ಹೆಸರು, ಮಗುವಿನ ಹೆಸರು, ಹುಟ್ಟಿದ ವರ್ಷ ಬೇಡ.

ನಂತರ ಜನ ಮರೆಯುವ ಕೆಲಸ. ಖಾತೆ ಕೈತಪ್ಪಿದರೆ ವಾಪಸ್ ಪಡೆಯಲು ಕೊಟ್ಟಿರುವ ರಿಕವರಿ ಫೋನ್, ರಿಕವರಿ ಇಮೇಲ್ ನಿಮ್ಮದೇ ಇವೆಯಾ ನೋಡಿ. ಒಳಗೆ ಬಂದವನು ತನ್ನ ನಂಬರನ್ನು ಸೇರಿಸಿ ಹೋಗಿರಬಹುದು. ಜೀಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡಿ. ನಿಮಗೆ ಬರುವ ಪ್ರತಿ ಮೇಲಿನ ಪ್ರತಿಯೂ ಅವನಿಗೆ ಹೋಗುವ ಹಾಗೆ, ಬ್ಯಾಂಕಿನ ಮೇಲ್‌ಗಳು ನೇರವಾಗಿ ಕಸದಬುಟ್ಟಿಗೆ ಬೀಳುವ ಹಾಗೆ ಮಾಡಿಟ್ಟಿರಬಹುದು. ಇವು ಫೋನಿನ ಆ್ಯಪ್‌ನಲ್ಲಿ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಜೀಮೇಲ್ ತೆರೆದೇ ನೋಡಬೇಕು. ಕಂಪ್ಯೂಟರ್ ಇಲ್ಲದಿದ್ದರೆ ನಂಬಿಕೆಯವರೊಬ್ಬರ ಲ್ಯಾಪ್‌ಟಾಪ್ ಕೇಳಿ, ಕೆಲಸ ಮುಗಿದ ಮೇಲೆ ಲಾಗ್ ಔಟ್ ಮಾಡಿ ಬನ್ನಿ. ನಿಮ್ಮ ಖಾತೆಗೆ ಯಾವ ಯಾವ ಬೇರೆ ಆ್ಯಪ್‌ಗಳಿಗೆ ಅನುಮತಿ ಇದೆ ಅನ್ನುವ ಪಟ್ಟಿಯೂ ಸೆಕ್ಯೂರಿಟಿ ವಿಭಾಗದಲ್ಲಿದೆ, ಗೊತ್ತಿಲ್ಲದ್ದನ್ನು ತೆಗೆದುಹಾಕಿ.

ಕೊನೆಗೆ, ಅದೇ ಹಳೆಯ ಪಾಸ್‌ವರ್ಡ್ ಬೇರೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಬದಲಿಸಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಒಂದು ಕಡೆ ಸಿಕ್ಕ ಪಾಸ್‌ವರ್ಡನ್ನು ನೂರು ಕಡೆ ಹಾಕಿ ನೋಡಲು ಅವರ ಹತ್ತಿರ ಯಂತ್ರಗಳಿವೆ.

ಪಾಸ್‌ವರ್ಡ್ ಬದಲಿಸಿದೆ. ಮರುದಿನ ಮತ್ತೆ ಅದೇ ಎಚ್ಚರಿಕೆ. ಹೇಗೆ?

ಹಾಗಾದರೆ ತೊಂದರೆ ನಿಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರಬಹುದು. ಒಮ್ಮೆ ಲಾಗಿನ್ ಆದ ಮೇಲೆ ಬ್ರೌಸರ್ ಒಂದು ಚಿಕ್ಕ ಗುರುತುಚೀಟಿ ಇಟ್ಟುಕೊಂಡಿರುತ್ತದೆ, ಅದಕ್ಕೇ ಪ್ರತಿ ಸಲ ಪಾಸ್‌ವರ್ಡ್ ಕೇಳುವುದಿಲ್ಲ. ಆ ಚೀಟಿಯನ್ನೇ ಕದ್ದರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. 2023ರ ಮಾರ್ಚ್‌ನಲ್ಲಿ ಲೈನಸ್ ಟೆಕ್ ಟಿಪ್ಸ್ ಅನ್ನುವ ದೊಡ್ಡ ಯೂಟ್ಯೂಬ್ ಚಾನೆಲ್ ಹೀಗೇ ಕೈತಪ್ಪಿತ್ತು. ಪ್ರಾಯೋಜಕರ ಪಿಡಿಎಫ್ ಅಂತ ಬಂದ ಫೈಲನ್ನು ಅಲ್ಲಿನ ಒಬ್ಬರು ತೆರೆದಿದ್ದರು. ಕನ್ನಡದಲ್ಲಿ ಚಾನೆಲ್ ನಡೆಸುವ ಗೆಳೆಯರು ಇದನ್ನು ಗಮನಿಸಬೇಕು. ಜಾಹೀರಾತು ಕೊಡುತ್ತೇವೆ ಅಂತ ಬರುವ ಪ್ರತಿ ಫೈಲನ್ನೂ ಅನುಮಾನದಿಂದಲೇ ನೋಡಿ.

ಫೋನಿನಲ್ಲಿ ಈ ಕೆಲಸ ಮಾಡುವುದು ಎಪಿಕೆ ಫೈಲು, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು. ಮದುವೆ ಕರೆಯೋಲೆ, ಆರ್‌ಟಿಒ ದಂಡದ ಚೀಟಿ, ಬ್ಯಾಂಕಿನ ಕೆವೈಸಿ ಅನ್ನುವ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಕರೆಯೋಲೆ ಫೋಟೋ ಆಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಆ್ಯಪ್ ಆಗಿ ಬರುವುದಿಲ್ಲ. ಹಾಕಿಕೊಂಡುಬಿಟ್ಟಿದ್ದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೆಯವರ ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಪಾಸ್‌ವರ್ಡುಗಳನ್ನು ಬೇರೆ ಸಾಧನದಿಂದ ಬದಲಿಸಿ. ಆಮೇಲೆ ಫೋಟೋಗಳನ್ನು ಉಳಿಸಿಕೊಂಡು ಫೋನನ್ನು ಪೂರ್ತಿ ರೀಸೆಟ್ ಮಾಡಿಸಿ. ಸೋಂಕು ಇರುವ ಫೋನಿನಲ್ಲೇ ಹೊಸ ಪಾಸ್‌ವರ್ಡ್ ಬರೆದರೆ ಅದೂ ಅವರಿಗೆ ಹೋಗುತ್ತದೆ.

ಅವರೇ ಪಾಸ್‌ವರ್ಡ್ ಬದಲಿಸಿಬಿಟ್ಟಿದ್ದಾರೆ. ನನಗೇ ಒಳಗೆ ಹೋಗಲು ಆಗುತ್ತಿಲ್ಲ.

ಗೂಗಲ್‌ನ ಅಕೌಂಟ್ ರಿಕವರಿ ಪುಟಕ್ಕೆ ಹೋಗಿ. ನೀವು ದಿನಾ ಬಳಸುವ ಫೋನಿನಿಂದ, ಮನೆಯ ವೈಫೈಯಿಂದಲೇ ಪ್ರಯತ್ನಿಸಿ, ಹಾಗೆ ಮಾಡಿದರೆ ನೀವೇ ಅಂತ ಗುರುತಾಗುವುದು ಸುಲಭ. ರಿಕವರಿ ನಂಬರ್ ಬದಲಾಗಿದ್ದರೂ ಏಳು ದಿನಗಳವರೆಗೆ ಹಳೆಯ ನಂಬರಿಗೆ ಕೋಡ್ ಕಳಿಸುವ ಅವಕಾಶ ಸಿಗಬಹುದು. ನಾಳೆ ನೋಡೋಣ ಅಂತ ಬಿಡಬೇಡಿ. ‘ಖಾತೆ ವಾಪಸ್ ಕೊಡಿಸುತ್ತೇವೆ, ಇಷ್ಟು ದುಡ್ಡು’ ಅನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ನನ್ನ ವಾಟ್ಸ್‌ಆ್ಯಪ್‌ನಿಂದ ಎಲ್ಲರಿಗೂ ‘ಅರ್ಜೆಂಟ್ ದುಡ್ಡು ಬೇಕು’ ಅಂತ ಹೋಗುತ್ತಿದೆಯಂತೆ!

ಮೊದಲು ಹತ್ತಿರದವರಿಗೆ ಫೋನ್ ಮಾಡಿ, ಮನೆಯವರ ಸ್ಟೇಟಸ್‌ನಲ್ಲಿ ಹಾಕಿಸಿ, ಯಾರೂ ದುಡ್ಡು ಹಾಕದಂತೆ ತಡೆಯಿರಿ. ಇದರಲ್ಲಿ ಎರಡು ಬಗೆ ಇದೆ.

ನಿಮ್ಮ ವಾಟ್ಸ್‌ಆ್ಯಪ್ ನಿಮ್ಮ ಫೋನಿನಲ್ಲಿ ಇನ್ನೂ ತೆರೆಯುತ್ತಿದ್ದರೆ, ಬೇರೆ ಸಾಧನ ಜೋಡಿಸಿದ್ದಾರೆ. ‘ಲಿಂಕ್ಡ್ ಡಿವೈಸಸ್’ ತೆರೆದು ನಿಮ್ಮದಲ್ಲದ್ದನ್ನು ಲಾಗ್ ಔಟ್ ಮಾಡಿ. ‘ಈ ಮಗುವಿಗೆ ಓಟು ಹಾಕಿ’, ‘ಈ ಫೋಟೋದಲ್ಲಿರುವುದು ನೀವಾ’ ಅನ್ನುವ ಲಿಂಕ್ ಒತ್ತಿ, ಅಲ್ಲಿ ತೋರಿಸಿದ ಎಂಟು ಅಕ್ಷರದ ಕೋಡನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದವರಿಗೆ ಹೀಗಾಗುತ್ತದೆ.

ಪೂರ್ತಿ ಲಾಗ್ ಔಟ್ ಆಗಿದ್ದರೆ, ನಿಮ್ಮ ನಂಬರನ್ನೇ ಅವರ ಫೋನಿನಲ್ಲಿ ಹಾಕಿಕೊಂಡಿದ್ದಾರೆ. ಆ್ಯಪ್‌ನಲ್ಲಿ ನಿಮ್ಮ ನಂಬರ್ ಹಾಕಿ, ಎಸ್‌ಎಂಎಸ್‌ನಲ್ಲಿ ಬರುವ ಆರಂಕಿಯ ಕೋಡ್ ಹಾಕಿ. ತಕ್ಷಣ ಅವರು ಹೊರಗೆ ಬೀಳುತ್ತಾರೆ. ನೀವು ಎಂದೂ ಇಡದ ಪಿನ್ ಕೇಳಿದರೆ ಅದನ್ನು ಅವರು ಇಟ್ಟಿದ್ದಾರೆ, ಪಿನ್ ಇಲ್ಲದೆ ಒಳಗೆ ಬರಲು ಏಳು ದಿನ ಕಾಯಬೇಕು. ಆದರೆ ಎಸ್‌ಎಂಎಸ್ ಕೋಡ್ ಹಾಕಿದ ಕೂಡಲೇ ಅವರಂತೂ ಹೊರಗೆ ಹೋಗಿರುತ್ತಾರೆ, ಅಷ್ಟು ಸಮಾಧಾನ. ಹಾಗಾಗದಿರಲು ಇವತ್ತೇ ನಿಮ್ಮ ಪಿನ್ ನೀವೇ ಇಟ್ಟುಕೊಳ್ಳಿ: ಸೆಟ್ಟಿಂಗ್ಸ್, ಅಕೌಂಟ್, ಟೂ ಸ್ಟೆಪ್ ವೆರಿಫಿಕೇಶನ್.

ಕೊರಿಯರ್ ಹುಡುಗ ಅಂತ ಹೇಳಿಕೊಂಡು ನಕ್ಷತ್ರ ಚಿಹ್ನೆ, 401, ಆಮೇಲೊಂದು ಮೊಬೈಲ್ ನಂಬರ್ ಒತ್ತಿಸುವವರೂ ಇದ್ದಾರೆ. ಅದು ನಿಮ್ಮ ಕರೆಗಳನ್ನು ಅವರಿಗೆ ತಿರುಗಿಸುತ್ತದೆ, ಕರೆಯಲ್ಲಿ ಬರುವ ಕೋಡ್ ಅವರಿಗೆ ಕೇಳುತ್ತದೆ. ಒತ್ತಿದ್ದರೆ ##002# ಡಯಲ್ ಮಾಡಿ. ಸಾಮಾನ್ಯವಾಗಿ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ.

ಎಚ್ಚರಿಕೆ ಬಂದ ಮೇಲೆ ಫೋನಿನಲ್ಲಿ ನೆಟ್‌ವರ್ಕೇ ಹೋಯಿತು.

ಪಕ್ಕದವರ ಅದೇ ಕಂಪನಿಯ ಸಿಮ್ ಕೆಲಸ ಮಾಡುತ್ತಿದೆಯಾ ನೋಡಿ. ಅವರದ್ದು ಸರಿಯಿದ್ದು ನಿಮ್ಮದು ಮಾತ್ರ ಸತ್ತಿದ್ದರೆ, ನಿಮ್ಮ ಹೆಸರಿನಲ್ಲಿ ಬೇರೆ ಸಿಮ್ ತೆಗೆದಿರಬಹುದು. ಬೇರೆ ಫೋನಿನಿಂದ ಕಂಪನಿಗೆ ಹೇಳಿ ಸಿಮ್ ತಡೆಸಿ, ಬ್ಯಾಂಕಿಗೆ ಹೇಳಿ ಖಾತೆಯಿಂದ ಹಣ ಹೋಗದಂತೆ ಮಾಡಿಸಿ. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರ್‌ಗಳಿವೆ ಅನ್ನುವುದನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯಲ್ಲಿ ನೋಡಬಹುದು.

ಹಣ ಹೋಗಿಯೇಬಿಟ್ಟಿದೆ. ವಾಪಸ್ ಬರುತ್ತದಾ?

ಬೇಗ ಹೇಳಿದಷ್ಟೂ ಆಸೆ ಜಾಸ್ತಿ. 1930ಕ್ಕೆ ಫೋನ್ ಮಾಡಿ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ. ಹೋದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ, ಯಾವುದೋ ಖಾತೆಯಲ್ಲಿ ಇರುವಾಗಲೇ ಹಿಡಿದು ನಿಲ್ಲಿಸುವ ವ್ಯವಸ್ಥೆ ಇದು. ಯಾವ ಖಾತೆ, ಎಷ್ಟು ಹೊತ್ತಿಗೆ, ಎಷ್ಟು ಹಣ, ವಹಿವಾಟಿನ ನಂಬರ್ ಕೈಯಲ್ಲಿಟ್ಟುಕೊಳ್ಳಿ. ಕರ್ನಾಟಕದ ಜಿಲ್ಲೆಗಳಲ್ಲಿ ಇಂಥ ದೂರು ತೆಗೆದುಕೊಳ್ಳುವ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳಿವೆ. ಅಲ್ಲಿಗೂ ಹೋಗಿ, ಬ್ಯಾಂಕಿಗೂ ಲಿಖಿತವಾಗಿ ಕೊಟ್ಟು ದೂರಿನ ನಂಬರ್ ಪಡೆಯಿರಿ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ನೆನಪಿಡಿ. ತಪ್ಪು ಬ್ಯಾಂಕಿನದ್ದೂ ಅಲ್ಲ, ನಿಮ್ಮದೂ ಅಲ್ಲ ಅನ್ನುವ ಪ್ರಕರಣದಲ್ಲಿ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಗೆ ನಿಮ್ಮ ಹೊಣೆ 10,000 ರೂಪಾಯಿ ದಾಟುವಂತಿಲ್ಲ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕ್ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ತುಂಬಬೇಕು, 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ಕೌಂಟರಿನಲ್ಲಿ ‘ಹಾಗೇನೂ ಇಲ್ಲ’ ಅಂದರೆ ಈ ದಿನಾಂಕವನ್ನು ಅರ್ಜಿಯಲ್ಲಿ ಬರೆಯಿರಿ.

ಒಟಿಪಿ ನಾನೇ ಹೇಳಿಬಿಟ್ಟೆ. ದೂರು ಕೊಡಲು ನಾಚಿಕೆ.

ಕೊಡಿ. ದಯವಿಟ್ಟು ಕೊಡಿ. ಒಟಿಪಿ ಹೇಳಿದ್ದರೆ ನೀವು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದಾಗುತ್ತದೆ, ನಿಜ. ಆದರೆ ತಿಳಿಸಿದ ನಂತರ ಹೋಗುವ ಹಣ ಬ್ಯಾಂಕಿನ ಹೊಣೆ. ನಾಚಿಕೆಯಲ್ಲಿ ಕಳೆದ ಒಂದು ಗಂಟೆ ಪೂರ್ತಿ ನಿಮ್ಮ ಲೆಕ್ಕಕ್ಕೆ ಬೀಳುತ್ತದೆ. ಮೋಸ ಹೋದವರಲ್ಲಿ ಮೇಷ್ಟರಿದ್ದಾರೆ, ಇಂಜಿನಿಯರುಗಳಿದ್ದಾರೆ, ಬ್ಯಾಂಕಿನಲ್ಲೇ ದುಡಿದು ನಿವೃತ್ತರಾದವರೂ ಇದ್ದಾರೆ. ತಪ್ಪು ಮೋಸ ಮಾಡಿದವನದು.

‘ನಿಮ್ಮ ಆಧಾರ್ ದೃಢೀಕರಣ ಆಗಿದೆ’ ಅಂತ ಮೇಲ್. ನಾನು ಎಲ್ಲೂ ಬೆರಳು ಒತ್ತಿಲ್ಲ.

ಹಗುರವಾಗಿ ತೆಗೆದುಕೊಳ್ಳಬೇಡಿ. ಬೆರಳಚ್ಚು ಒತ್ತಿ ಹಣ ತೆಗೆಯುವ ವ್ಯವಸ್ಥೆಗೆ ಒಟಿಪಿ ಬೇಡ. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಹಣ ತೆಗೆದ ದೂರುಗಳು ಬಂದಿದ್ದವು. ಆಧಾರ್ ವೆಬ್‌ಸೈಟಿನಲ್ಲಿ ದೃಢೀಕರಣದ ಇತಿಹಾಸ ನೋಡಿ, ಆರು ತಿಂಗಳಿನದು ಸಿಗುತ್ತದೆ. ಅಲ್ಲೇ ಬಯೋಮೆಟ್ರಿಕ್ ಲಾಕ್ ಮಾಡಿಬಿಡಿ. ಪಡಿತರ ಅಂಗಡಿಯಲ್ಲೋ ಬೇರೆಲ್ಲೋ ಬೆರಳು ಒತ್ತಬೇಕಾದಾಗ ಸ್ವಲ್ಪ ಹೊತ್ತು ತೆರೆದರೆ ಆಯಿತು.

ನೋಡುತ್ತಿರುವುದು ಹೊರಗಿನವರಲ್ಲ, ಮನೆಯವರೇ ಅಂತ ಅನುಮಾನ.

ಇಲ್ಲಿ ಮಾತ್ರ ಆತುರ ಬೇಡ. ಗಂಡನೋ ಬೇರೆಯವರೋ ನಿಮ್ಮ ಮೇಲ್ ಓದುತ್ತಿದ್ದು, ಅವರಿಂದ ನಿಮಗೆ ಭಯವಿದ್ದರೆ, ದಿಢೀರಂತ ಪಾಸ್‌ವರ್ಡ್ ಬದಲಿಸಿದಾಗ ಅವರಿಗೂ ಗೊತ್ತಾಗುತ್ತದೆ. ಮೊದಲು ನಂಬಿಕೆಯವರ ಫೋನಿನಲ್ಲಿ ಹೊಸ ಇಮೇಲ್ ಮಾಡಿಕೊಳ್ಳಿ, ಮುಖ್ಯ ಕಾಗದಪತ್ರಗಳ ಪ್ರತಿ ಅಲ್ಲಿಗೆ ಹೋಗಲಿ. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112. ಅವರ ಜೊತೆ ಮಾತಾಡಿ, ನೀವು ಸುರಕ್ಷಿತವಾಗಿದ್ದೀರಿ ಅನ್ನುವುದು ಖಾತ್ರಿಯಾದ ಮೇಲೆ ಖಾತೆಯ ಕೆಲಸ.

ನಾನು ಹೊರದೇಶದಲ್ಲಿದ್ದೇನೆ, ಅಪ್ಪ ಅಮ್ಮ ಊರಲ್ಲಿ. ಏನು ಮಾಡಿಡಲಿ?

ಮುಂದಿನ ಸಲ ಊರಿಗೆ ಬಂದಾಗ ಒಂದು ಮಧ್ಯಾಹ್ನ ಅವರ ಜೊತೆ ಕೂತುಕೊಳ್ಳಿ. ಅವರ ವಾಟ್ಸ್‌ಆ್ಯಪ್‌ಗೆ ಪಿನ್ ಇಡಿಸಿ. ಜೀಮೇಲ್‌ಗೆ ಎರಡನೇ ಹಂತದ ಭದ್ರತೆ ಹಾಕಿ. ಆಗುವುದಾದರೆ ಪಾಸ್‌ಕೀ ಹಾಕಿ. ಫೋನ್ ತೆರೆಯುವ ಬೆರಳೇ ಕೀಲಿಯಾಗುತ್ತದೆ, ಫೋನಿನಲ್ಲಿ ಓದಿ ಹೇಳಲು ಅದರಲ್ಲಿ ನಂಬರೇ ಇರುವುದಿಲ್ಲ. ಫೋನ್ ಕೈಯಲ್ಲಿಲ್ಲದಾಗ ಒಳಗೆ ಹೋಗಲು ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಪಾಸ್‌ಬುಕ್ ಇಡುವ ಕಡೆ ಇಡಿ. ಬ್ಯಾಂಕಿನ ನಂಬರ್ ಮತ್ತು 1930 ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ.

ಇನ್ನೊಂದು ಮಾತು ಹೇಳಿ ಬನ್ನಿ: ‘ಅನುಮಾನ ಬಂದರೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ನಾನು ಬೈಯುವುದಿಲ್ಲ.’ ಮಕ್ಕಳು ಬೈಯುತ್ತಾರೆ ಅನ್ನುವ ಹೆದರಿಕೆಯಿಂದಲೇ ಎಷ್ಟೋ ಹಿರಿಯರು ಹೇಳದೆ ಮುಚ್ಚಿಟ್ಟುಕೊಳ್ಳುತ್ತಾರೆ.

ನನಗೆ ಇಂಥ ಎಚ್ಚರಿಕೆ ಒಂದೂ ಬಂದಿಲ್ಲ. ನಿಶ್ಚಿಂತೆಯಿಂದ ಇರಬಹುದಾ?

ಎಚ್ಚರಿಕೆ ಯಾವ ನಂಬರಿಗೆ, ಯಾವ ಮೇಲಿಗೆ ಹೋಗುತ್ತಿದೆ ಅಂತ ನೋಡಿ. ಎಂಟು ವರ್ಷದ ಹಿಂದೆ ಬಿಟ್ಟ ಸಿಮ್‌ನ ನಂಬರೇ ಬ್ಯಾಂಕಿನಲ್ಲಿ ಇನ್ನೂ ಇರುವವರನ್ನು ನಾನು ನೋಡಿದ್ದೇನೆ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಒಟಿಪಿ, ನಿಮ್ಮ ಎಚ್ಚರಿಕೆ ಎರಡೂ ಯಾರದೋ ಜೇಬಿನಲ್ಲಿ ಸದ್ದು ಮಾಡುತ್ತಿರುತ್ತವೆ. ನಂಬರ್ ಬಿಡುವ ಮೊದಲು ಬ್ಯಾಂಕ್, ಆಧಾರ್, ಜೀಮೇಲ್ ಮೂರರಲ್ಲೂ ಹೊಸ ನಂಬರ್ ಹಾಕಿಸಿ. ವಾಟ್ಸ್‌ಆ್ಯಪ್‌ನಲ್ಲಿ ‘ಚೇಂಜ್ ನಂಬರ್’ ಮಾಡಿ. ಆಮೇಲೆ ಹಳೆಯ ಸಿಮ್ ತೆಗೆಯಿರಿ.